ಶಾಲೆಯ ಅಡುಗೆ ಕೆಲಸ ಬಿಡು ಅಂತ ಒತ್ತಾಯ. ದೇವರು ಕಾಯುತ್ತಾನೆ ಅಂತ ನಂಬಿದ್ದೇನೆ, ಆದರೂ ಭಯ ಹೋಗುತ್ತಿಲ್ಲ

ಸಿದ್ದಪ್ಪಾಜಿ ಒಕ್ಕಲು (ಮಳವಳ್ಳಿ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಾನು ಹೇಳುತ್ತಿದ್ದೇನೆ, ಪಿಯುಸಿ ಓದುವ ಮಗಳು ಟೈಪ್ ಮಾಡುತ್ತಿದ್ದಾಳೆ. ಊರಿನ ಹೆಸರು ಬೇಡ, ಯಾರ ಹೆಸರೂ ಬೇಡ.

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಕೆಲಸ ನನ್ನದು. ಮೊದಲು ಸಹಾಯಕಿಯಾಗಿದ್ದೆ. ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು. ಆಗ ಯಾರಿಗೂ ತಕರಾರು ಇರಲಿಲ್ಲ. ಮುಖ್ಯ ಅಡುಗೆಯವರಿಗೆ ಅರವತ್ತು ತುಂಬಿತು, ಅವರು ಬಿಟ್ಟರು. ಈ ಜೂನ್‌ನಲ್ಲಿ ಶಾಲೆ ಶುರುವಾದಾಗ ಸೌಟು ನನ್ನ ಕೈಗೆ ಬಂತು. ನಾವು ಎಸ್‌ಸಿ ಜನ. ಅಷ್ಟಕ್ಕೇ ಕೆಲವು ಮನೆಯವರು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳಿಸೋಕೆ ಶುರು ಮಾಡಿದರು. ಮಕ್ಕಳಿಗೆ ಏನೂ ಇಲ್ಲ. ಮೂರನೇ ಕ್ಲಾಸಿನ ಒಂದು ಹುಡುಗಿ ಬಂದು 'ಇವತ್ತು ಏನು ಸಾಂಬಾರು' ಅಂತ ಕೇಳುತ್ತಾಳೆ. ಆಮೇಲೆ ಡಬ್ಬಿ ಹಿಡಿದುಕೊಂಡು ಕಾಂಪೌಂಡ್ ಹತ್ತಿರ ಹೋಗಿ ಕೂರುತ್ತಾಳೆ. ಬೆಳಗ್ಗೆ ನಾನು ಕಾಯಿಸಿದ ಹಾಲು ಕುಡಿಯಬೇಡ ಅಂತಲೂ ಅವಳಿಗೆ ಹೇಳಿದ್ದಾರೆ.

ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬರು ಎಲ್ಲರ ಮುಂದೆ, 'ನೀನಾಗೇ ಬರೆದುಕೊಟ್ಟು ಬಿಟ್ಟರೆ ನಿನಗೂ ಒಳ್ಳೆಯದು, ಊರಿಗೂ ಒಳ್ಳೆಯದು' ಅಂದರು. ಹೆಡ್ ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಅವರು ಕೆಟ್ಟವರಲ್ಲ. ದಿನಾ ಮೊದಲ ತುತ್ತು ತಿಂದು ರುಚಿ ನೋಡುವವರು ಅವರೇ. ಸಭೆಯಲ್ಲಿ ಮಾತ್ರ ಬಾಯಿ ಬರಲಿಲ್ಲ. ಈಗ ಬಿಡು ಅಂದವರು ದಿನಾ ಒಬ್ಬರಲ್ಲ ಒಬ್ಬರ ಕೈಲಿ ಹೇಳಿ ಕಳಿಸುತ್ತಿದ್ದಾರೆ. ಸಂಜೆ ಮನೆ ಹತ್ತಿರ ಬಾ, ಕೂತು ಮಾತಾಡಿ ಮುಗಿಸೋಣ ಅಂತ. ನಾನು ಹೋಗಿಲ್ಲ.

ನನ್ನ ಯಜಮಾನರು ಕಬ್ಬು ಕಡಿಯೋಕೆ, ಆಲೆಮನೆ ಕೆಲಸಕ್ಕೆ ಹೋಗುತ್ತಾರೆ. ಕೂಲಿಗೆ ಕರೆಯುವವರು ಇದೇ ಮನೆಗಳವರು. ಅವರು ಇನ್ನೂ ಏನೂ ಅಂದಿಲ್ಲ, ಕರೆಯುವುದು ಮಾತ್ರ ಕಡಿಮೆ ಆಗಿದೆ.

ಇದಕ್ಕಿಂತ ದೊಡ್ಡ ಭಯ ಒಂದಿದೆ. ಸಾಂಬಾರಿನ ಪಾತ್ರೆಗೆ ಯಾರಾದರೂ ಏನಾದರೂ ಹಾಕಿಬಿಟ್ಟರೆ? ಮಕ್ಕಳಿಗೆ ಏನಾದರೂ ಆದರೆ? ನನ್ನ ಮೇಲೆ ಹೊರಿಸುವುದು ಇರಲಿ, ಮಕ್ಕಳ ಗತಿ ಏನು? ಒಲೆ ಹಚ್ಚಿದ ಮೇಲೆ ಊಟ ಮುಗಿಯುವ ತನಕ ನಾನು ಅಡುಗೆ ಕೋಣೆ ಬಿಟ್ಟು ಕದಲುವುದಿಲ್ಲ. ನೀರಿಗೂ ಸಹಾಯಕಿಯನ್ನೇ ಕಳಿಸುತ್ತೇನೆ. ಬೀಗ ತೆಗೆಯುವಾಗ ಕೈ ನಡುಗುತ್ತದೆ.

ನಮ್ಮದು ಸಿದ್ದಪ್ಪಾಜಿ ಒಕ್ಕಲು, ಅಂದರೆ ಆ ಸ್ವಾಮಿಯೇ ನಮ್ಮ ಮನೆದೇವರು. ಬೆಳಗ್ಗೆ ಸ್ವಾಮಿಯ ಗುರುತಾದ ಕಂಡಾಯದ ಮುಂದೆ ದೀಪ ಹಚ್ಚಿ, 'ಸ್ವಾಮಿ, ಇವತ್ತು ನೀನೇ ನಿಂತು ಅಡುಗೆ ಮಾಡಿಸು' ಅಂತ ಬೇಡಿಕೊಂಡೇ ಮನೆ ಬಿಡುತ್ತೇನೆ. ಮಗಳು, 'ಬಾಬಾಸಾಹೇಬರು ಕಾನೂನು ಬರೆದುಕೊಟ್ಟಿದ್ದಾರೆ, ದೇವರನ್ನು ಯಾಕೆ ಕೇಳುತ್ತೀಯಾ' ಅನ್ನುತ್ತಾಳೆ. ನನ್ನ ಗೋಡೆಯ ಮೇಲೆ ಇಬ್ಬರೂ ಇದ್ದಾರೆ. ನನಗೆ ಇಬ್ಬರೂ ಬೇಕು.

ನನ್ನ ಪ್ರಶ್ನೆ ಇಷ್ಟು. ದೇವರು ಕಾಯುತ್ತಾನೆ ಅಂತ ನಂಬಿದವಳಿಗೆ ಇಷ್ಟು ಭಯ ಯಾಕೆ? ಭಯ ಇದ್ದರೆ ನಂಬಿಕೆ ಕಡಿಮೆ ಅಂತಾನಾ? ಯಜಮಾನರ ಕೂಲಿಗೋಸ್ಕರ ಕೆಲಸ ಬಿಟ್ಟರೆ ದೇವರ ಕೈ ಬಿಟ್ಟ ಹಾಗೆ ಆಗುತ್ತದಾ?

ತಂಬೂರಿ ಮನೆ:

ತಾಯಿ, ನಾವು ನೀಲಗಾರರು. ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುವ ಮನೆ ನಮ್ಮದು. ನೀವು ಸಿದ್ದಪ್ಪಾಜಿ ಒಕ್ಕಲು ಅಂದ ಮೇಲೆ ಕಥೆ ನಿಮಗೂ ಗೊತ್ತು. ಆದರೂ ಹಲಗೂರಿನ ಭಾಗವನ್ನು ನಿಮ್ಮ ಈ ಸಂಕಟದ ಪಕ್ಕ ಇಟ್ಟು ಒಂದು ಸಲ ನೋಡಿ.

ಸಿದ್ದಪ್ಪಾಜಿ ನಿಡಗಟ್ಟದ ಪಾಂಚಾಳರ, ಅಂದರೆ ಕಮ್ಮಾರಿಕೆಯ ಕುಲದವರ, ಮನೆಯ ಮಗ. ಆಗಿನ ಹೆಸರು ಕೆಂಪಾಚಾರಿ. ಗುರು ಮಂಟೇಸ್ವಾಮಿ ಅವನನ್ನು ಕಳಿಸಿದ್ದು ಹಲಗೂರಿನ ಪಾಂಚಾಳರ ಬಾಗಿಲಿಗೆ, ಕಬ್ಬಿಣದ ಭಿಕ್ಷೆ ತರೋಕೆ. ಅಂದರೆ ಅವನ ಕುಲದವರ ಹತ್ತಿರಕ್ಕೇ. ಅವರು ಕಬ್ಬಿಣ ಇಲ್ಲ ಅಂದರು. ಅವಮಾನ ಮಾಡಿದರು. ಪ್ರಾಣ ಹೋಗುವಂಥ ಪರೀಕ್ಷೆಗಳನ್ನು ಒಂದರ ಮೇಲೊಂದು ಒಡ್ಡಿದರು.

ಈ ಭಾಗ ಹಾಡುವಾಗ ನನಗೆ ಪ್ರತಿ ಸಲ ಒಂದು ಯೋಚನೆ ಬರುತ್ತದೆ. ಗುರುವಿಗೆ ಅಷ್ಟು ಶಕ್ತಿ ಇತ್ತಲ್ಲ, ಹಲಗೂರಿನವರ ಮನಸ್ಸನ್ನು ಮೊದಲೇ ತಿರುಗಿಸಬಹುದಿತ್ತಲ್ವಾ? ತಿರುಗಿಸಲಿಲ್ಲ. ಶಿಷ್ಯನನ್ನು ಆ ಬಾಗಿಲಿಗೇ ಕಳಿಸಿದ. ಸಿದ್ದಪ್ಪಾಜಿಯೂ ಸುಮ್ಮನೆ ಧೈರ್ಯವಾಗಿ ನಿಂತುಬಿಡಲಿಲ್ಲ. ಕಷ್ಟ ಬಂದಾಗಲೆಲ್ಲ ಗುರುವನ್ನು ಕೂಗಿ ಕರೆದ. ಆ ಕೂಗನ್ನು ನಾವು ರಾತ್ರಿಯಿಡೀ ಹಾಡುತ್ತೇವೆ, ಜನ ಕಣ್ಣೀರು ಹಾಕಿಕೊಂಡು ಕೇಳುತ್ತಾರೆ. ಸಿದ್ದಪ್ಪಾಜಿಗೆ ನಂಬಿಕೆ ಕಡಿಮೆ ಇತ್ತು ಅಂತ ಇವತ್ತಿನವರೆಗೆ ಒಬ್ಬರೂ ಹೇಳಿದ್ದು ನಾನು ಕೇಳಿಲ್ಲ. ನಿಮ್ಮ ಕೈ ನಡುಗುವುದನ್ನು ನೀವು ಯಾಕೆ ತಪ್ಪು ಅಂದುಕೊಳ್ಳುತ್ತೀರಿ? ನಡುಗುವ ಕೈಯಲ್ಲೇ ಬೀಗ ತೆಗೆಯುತ್ತಿದ್ದೀರಲ್ಲ. ಅದನ್ನು ಸ್ವಾಮಿ ನೋಡುತ್ತಿಲ್ಲ ಅಂದುಕೊಂಡಿರಾ?

ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಹೇಗೆ ಬಂದ ಅನ್ನುವುದನ್ನೂ ನೆನಪು ಮಾಡಿಕೊಳ್ಳಿ. ಯಾರೂ ಹತ್ತಿರ ಸೇರಿಸದ ರೂಪದಲ್ಲಿ ಬಂದ. ಜನ ಮೂಗು ಮುಚ್ಚಿಕೊಂಡರು, ಓಡಿಸಿದರು. ಬಾಗಿಲಲ್ಲಿ ತಡೆದವರೇ ಜಾಸ್ತಿ. ಹಾಗೆ ಬಾಗಿಲಲ್ಲಿ ನಿಲ್ಲಿಸಿಕೊಂಡ ದೇವರು ನಮ್ಮ ದೇವರು, ತಾಯಿ. ನಿಮಗೆ ಆಗುತ್ತಿರುವುದು ಅವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಊಟದ ವಿಷಯ. ಬನದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಜಾತ್ರೆ ಐದು ದಿನ ನಡೆಯುತ್ತದೆ. ಅದರಲ್ಲಿ ಒಂದು ದಿನ ಪಂಕ್ತಿ ಸೇವೆ. ಸಿದ್ದಪ್ಪಾಜಿ ಗದ್ದಿಗೆಯ ಸುತ್ತ ಬಯಲಲ್ಲಿ ಒಲೆ ಹೂಡಿ, ಬೇಯಿಸಿ, ಎಡೆ ಇಟ್ಟು, ಯಾವ ಜಾತಿ ಅಂತ ನೋಡದೆ ಸಾಲಾಗಿ ಕೂತು ಊಟ ಮಾಡುತ್ತಾರೆ. ಮಂಡ್ಯ, ಮೈಸೂರು, ಚಾಮರಾಜನಗರ, ರಾಮನಗರದ ಕಡೆಯಿಂದೆಲ್ಲ ಜನ ಬರುತ್ತಾರೆ. ನಿಮ್ಮೂರಿನ ಆ ಮನೆಗಳಲ್ಲೂ ಹರಕೆ ಹೊತ್ತು ಬರುವವರು ಇರಬಹುದು. ಅಲ್ಲಿ ಕೂತು ಉಂಡವರು ಶಾಲೆಯಲ್ಲಿ ನಿಮ್ಮ ಕೈಯ ಅನ್ನ ಬೇಡ ಅಂದರೆ, ಅದನ್ನು ಅವರೇ ಸಿದ್ದಪ್ಪಾಜಿ ಮುಂದೆ ನಿಂತು ಹೇಳಬೇಕಾಗುತ್ತದೆ.

ಕಡೆಯ ಪ್ರಶ್ನೆಗೆ ನನ್ನ ಉತ್ತರ. ಮನೆಯಲ್ಲಿ ಒಲೆ ಉರಿಯದ ಸ್ಥಿತಿ ಬಂದು ನೀವು ಬಿಟ್ಟರೆ ಸ್ವಾಮಿ ಮುನಿಯುವುದಿಲ್ಲ. ಆದರೆ ಅವರು ಹೆದರಿಸಿದರು ಅಂತ, ಅವರು ಹೇಳಿದ ದಿನ, ಅವರು ಹೇಳಿದ ಹಾಗೆ ಬರೆದುಕೊಡಬೇಡಿ.

ಹಳೇ ಮೇಷ್ಟ್ರು, ಮೈಸೂರು:

ಅಮ್ಮಾ, ನಾನು ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೊದಲು ನಿಮ್ಮ ಮಗಳಿಗೆ ಒಂದು ಮಾತು. ಅವ್ವ ದೇವರನ್ನು ಕೇಳಲಿ, ನೀನು ಕಾನೂನು ಓದಿ ಹೇಳು ಮಗಾ. ಎರಡೂ ಒಂದೇ ಮನೆಯಲ್ಲಿ ಇರಬಹುದು.

ನಿಮ್ಮ ದೊಡ್ಡ ಭಯ ಸಾಂಬಾರಿನ ಪಾತ್ರೆಯದ್ದು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ನೀವು ಕಾಯುತ್ತಿರುವುದು ಸರಿಯಾಗಿದೆ. ಆದರೆ ಒಬ್ಬರೇ ಕಾಯಬೇಡಿ. ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು ಅಂತ 2015ರ ಬಿಸಿಯೂಟದ ನಿಯಮಗಳಲ್ಲೇ ಇದೆ. ಹೆಡ್ ಮೇಷ್ಟ್ರು ದಿನಾ ತಿಂದು ನೋಡುತ್ತಾರೆ ಅಂದಿರಿ. ಅದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಸಾಧ್ಯವಾದರೆ ಒಬ್ಬ ತಾಯಿಯೂ ರುಚಿ ನೋಡಲಿ. ಪ್ರತಿದಿನದ ಅನ್ನ, ಸಾಂಬಾರು ಒಂದೊಂದು ಸೌಟು ಮುಚ್ಚಳದ ಡಬ್ಬಿಯಲ್ಲಿ ಮಾರನೇ ದಿನದವರೆಗೆ ತೆಗೆದಿಡಿ. ಉಗ್ರಾಣದ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಬರಹದಲ್ಲಿ ಇರಲಿ. ನೀರಿನ ತೊಟ್ಟಿಗೆ ಮುಚ್ಚಳ ಇದೆಯಾ ನೋಡಿ. ಜನ ಪಾತ್ರೆಯನ್ನು ಕಾಯುತ್ತಾರೆ, ತೊಟ್ಟಿಯನ್ನು ಮರೆಯುತ್ತಾರೆ.

ರಾಜೀನಾಮೆ ಬರೆದುಕೊಡಲೇಬೇಡಿ. ಯಾರಾದರೂ ಬಿಡು ಅಂದರೆ, 'ಕಾರಣ ಬರೆದು ಕೊಡಿ ಸ್ವಾಮಿ' ಅನ್ನಿ. ಬರೆಯುವುದಿಲ್ಲ, ನನಗೆ ಗೊತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ, ಅದನ್ನು ಆಚರಿಸುವುದು ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಯಾರು, ಯಾವ ದಿನ, ಯಾರ ಮುಂದೆ, ಏನು ಅಂದರು ಅನ್ನುವುದನ್ನು ಮಗಳು ಅವತ್ತೇ ಬರೆದಿಡಲಿ. ನಿಮಗೆ ವಕೀಲರ ಖರ್ಚಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿಯವರಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ನೆರವು ಕೊಡುತ್ತದೆ. ಫೋನ್ 15100. ಯಾರಾದರೂ ಮನೆ ಹತ್ತಿರ ಬಂದು ಗಲಾಟೆ ಮಾಡಿದರೆ 112.

ಇನ್ನೊಂದು ಹಳೆಯ ವಿಷಯ ಹೇಳಬೇಕು ಅನಿಸುತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1915ರಲ್ಲಿ, ಜಾತಿಯ ಕಾರಣಕ್ಕೆ ಯಾವ ಮಗುವನ್ನೂ ಸರ್ಕಾರಿ ಶಾಲೆಯಿಂದ ಹೊರಗೆ ನಿಲ್ಲಿಸಬಾರದು ಅಂತ ಮೈಸೂರು ಸಂಸ್ಥಾನದಲ್ಲಿ ಆದೇಶವಾಯಿತು. ವಿರೋಧ ಬಂತು. ಮಕ್ಕಳನ್ನು ಶಾಲೆ ಬಿಡಿಸಿದವರೂ ಇದ್ದರು. ಆದರೂ ಆದೇಶ ನಿಂತಿತು. ನೂರು ವರ್ಷದ ಮೇಲಾಯಿತು, ಬೆಂಚಿನಲ್ಲಿ ಇದ್ದ ಜಗಳ ತಟ್ಟೆಗೆ ಬಂದು ಕೂತಿದೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಊರಿನವನು, ಕೆ.ಆರ್. ಪೇಟೆ:

ಹೇಳುವವರು ದೂರದಲ್ಲಿ ಕೂತು ಹೇಳುತ್ತಾರೆ. ಅಕ್ಕ ಅದೇ ಊರಿನಲ್ಲಿ ಬಾಳಬೇಕಲ್ವಾ? ಕೇಸು ಹಾಕಿದ ಮೇಲೆ ಅಂಗಡಿಯಲ್ಲಿ ಸಾಮಾನು ಕೊಡಲ್ಲ, ಕೂಲಿಗೆ ಕರೆಯಲ್ಲ. ನಾನು ಕಂಡಿದ್ದೇನೆ. ಕೆಲಸ ಬಿಟ್ಟು ನೆಮ್ಮದಿಯಾಗಿರಿ. ದೇವರು ಇನ್ನೊಂದು ದಾರಿ ತೋರಿಸುತ್ತಾನೆ.

ಯದುಗಿರಿ, ಮೇಲುಕೋಟೆ:

ಕೆ.ಆರ್. ಪೇಟೆ ಅಣ್ಣ ಹೇಳಿದ ಕಷ್ಟ ಸುಳ್ಳಲ್ಲ. ಊರು ಬಿಟ್ಟು ಬಂದವರನ್ನು ಹೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮೂರಿಗೆ ಹೆಸರು ಬಂದದ್ದೇ ಹಾಗೆ ಬಂದ ಒಬ್ಬರಿಂದ. ಚೋಳ ರಾಜನ ಕಾಟಕ್ಕೆ ರಾಮಾನುಜರು ಬಿಳಿ ಬಟ್ಟೆ ಉಟ್ಟು, ವೇಷ ಮರೆಸಿಕೊಂಡು ಶ್ರೀರಂಗ ಬಿಟ್ಟರು ಅಂತ ನಮ್ಮ ಗುರುಪರಂಪರೆಯ ಕಥೆ ಹೇಳುತ್ತದೆ. ಕಾಡಿನಲ್ಲಿ ಹಸಿದು ಬಂದಾಗ ಬೇಡರು ಜೇನು, ಧಾನ್ಯ ಕೊಟ್ಟರಂತೆ. ಆಮೇಲೆ ತೊಣ್ಣೂರು, ಮೇಲುಕೋಟೆ. ದೇವರ ರಕ್ಷಣೆ ಅವರಿಗೆ ಬೇಡರ ಕೈಯಿಂದ ಬಂತು.

ಆದರೆ ನನ್ನನ್ನು ಕಾಡುವುದು ರಾಮಾನುಜರ ಶಿಷ್ಯ ಕೂರೇಶರ ಕಥೆ. ಗುರು ತಪ್ಪಿಸಿಕೊಳ್ಳಲಿ ಅಂತ ಅವರ ಕಾವಿ ಉಟ್ಟು ರಾಜನ ಮುಂದೆ ಹೋದವರು ಅವರು. ಅಲ್ಲಿ ಕಣ್ಣು ಕಳೆದುಕೊಂಡರು. ಜೊತೆಗೆ ಹೋದ ವಯಸ್ಸಾದ ಮಹಾಪೂರ್ಣರು ಪ್ರಾಣವನ್ನೇ ಬಿಟ್ಟರು. ಹಾಗಾದರೆ ದೇವರು ಗುರುವನ್ನು ಮಾತ್ರ ಕಾಪಾಡಿದನಾ? ಚಿಕ್ಕಂದಿನಲ್ಲಿ ಇದನ್ನು ನಮ್ಮ ಅಜ್ಜಿಗೆ ಕೇಳಿದ್ದೆ. ಅಜ್ಜಿ ನೇರವಾಗಿ ಉತ್ತರ ಕೊಡಲಿಲ್ಲ, ಕಥೆಯ ಮುಂದಿನ ಭಾಗ ಹೇಳಿದರು. ಎಷ್ಟೋ ಕಾಲದ ಮೇಲೆ ರಾಮಾನುಜರು ಕೂರೇಶರಿಗೆ, ಕಂಚಿಯ ವರದರಾಜನ ಹತ್ತಿರ ಹೋಗಿ ಕಣ್ಣು ಕೇಳು ಅಂದರು. ಕೂರೇಶರು ಹೋಗಿ ಕೇಳಿದ್ದು ಬೇರೆ. ರಾಜನ ಸಭೆಯಲ್ಲಿ ತನ್ನ ಗುರುತು ಬಿಟ್ಟುಕೊಟ್ಟ ನಾಲೂರಾನ್‌ಗೂ ಒಳ್ಳೆಯ ಗತಿ ಸಿಗಲಿ ಅಂತ ಕೇಳಿದರು. ಕಣ್ಣು ಹೋದರೂ ವೈರಿಯ ಒಳ್ಳೆಯದನ್ನು ಕೇಳುವಷ್ಟು ಮನಸ್ಸು ಉಳಿದಿತ್ತು ನೋಡಿ. ಆ ಮನಸ್ಸನ್ನು ಚೋಳ ರಾಜ ಮುಟ್ಟಲು ಆಗಲಿಲ್ಲ. ನನಗೆ ದೇವರ ಶಕ್ತಿ ಕಾಣುವುದು ಅಲ್ಲಿ.

ಅಕ್ಕಾ, ಇದನ್ನು ಹೇಳಿ ನಿಮಗೆ ಸುಮ್ನೆ ಕ್ಷಮಿಸಿಬಿಡಿ ಅನ್ನುತ್ತಿಲ್ಲ. ದೂರು ಕೊಡಿ. ಕೊಟ್ಟ ಮೇಲೂ ಡಬ್ಬಿ ಹಿಡಿದ ಆ ಹುಡುಗಿಯ ಮೇಲೆ ನಿಮಗೆ ಕೋಪ ಇಲ್ಲವಲ್ಲ, ಅದು ನಿಮ್ಮ ಬರಹದಲ್ಲಿ ಕಾಣುತ್ತದೆ.

ಇನ್ನೊಂದನ್ನೂ ಹೇಳಬೇಕು. ನಮ್ಮೂರ ದೇವರು ಚೆಲುವನಾರಾಯಣನ ಉತ್ಸವಮೂರ್ತಿಯನ್ನು ತರುವಾಗ ನೆರವಾದ ದಲಿತರನ್ನು ರಾಮಾನುಜರು ತಿರುಕುಲದವರು (ಪವಿತ್ರ ಕುಲದವರು) ಅಂತ ಕರೆದರು, ಅವರಿಗೆ ದೇವಸ್ಥಾನದ ಬಾಗಿಲು ತೆರೆದರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಮುಂದೆ ಎಷ್ಟೋ ಕಾಲ ಆ ಬಾಗಿಲು ಅವರಿಗೆ ವರ್ಷದಲ್ಲಿ ಕೆಲವೇ ದಿನ ತೆರೆದಿತ್ತು. ಉಳಿದ ದಿನ ಮುಚ್ಚಿದವರು ನಮ್ಮಂಥ ಭಕ್ತರೇ. ನಿಮ್ಮ ಶಾಲೆಯ ಕಾಂಪೌಂಡಿನ ವಿಷಯ ಓದುವಾಗ ಅದು ನೆನಪಾಗಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಮೇರಿ ಅಕ್ಕ, ಮೈಸೂರು:

ನಾನು ಕ್ರೈಸ್ತಳು, ನಿಮ್ಮ ಸಿದ್ದಪ್ಪಾಜಿ ಕಥೆ ನನಗೆ ಹೊಸದು. ಓದಿ ಖುಷಿಯಾಯಿತು. ನೀವು ಸಂಜೆ ಮಾತಿಗೆ ಕರೆಯುತ್ತಾರೆ ಅಂದಿರಲ್ಲ, ಅದಕ್ಕೆ ಮಾತ್ರ ಹೇಳುತ್ತೇನೆ. ಬೈಬಲ್‌ನಲ್ಲಿ ನೆಹೆಮೀಯ ಅಂತ ಒಬ್ಬರಿದ್ದಾರೆ. ಯೆರೂಸಲೇಮಿನ ಬಿದ್ದ ಗೋಡೆ ಕಟ್ಟಿಸಿದವರು. ವಿರೋಧಿಗಳು ಮೊದಲು ಅಣಕಿಸಿದರು, ಆಮೇಲೆ ಹೆದರಿಸಿದರು, ಆಮೇಲೆ 'ಬಾ, ಬಯಲಿನಲ್ಲಿ ಸೇರಿ ಮಾತಾಡೋಣ' ಅಂತ ನಾಲ್ಕು ಸಲ ಕರೆ ಕಳಿಸಿದರು. ನೆಹೆಮೀಯರು ನಾಲ್ಕು ಸಲವೂ, ನನಗೆ ದೊಡ್ಡ ಕೆಲಸ ಇದೆ, ಅದನ್ನು ನಿಲ್ಲಿಸಿ ಬರಲಾರೆ ಅಂದರು. ಅವರು ಪ್ರಾರ್ಥನೆಯನ್ನೂ ಮಾಡಿದರು, ಹಗಲೂ ರಾತ್ರಿ ಕಾವಲನ್ನೂ ಇಟ್ಟರು. ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಆಯುಧ ಹಿಡಿದವರೂ ಇದ್ದರು. ಗೋಡೆ 52 ದಿನದಲ್ಲಿ ಮುಗಿಯಿತು.

ಸಂಜೆ ಯಾರ ಮನೆಗೂ ಒಬ್ಬರೇ ಹೋಗಬೇಡಿ ಅಕ್ಕ. ಮಾತಾಡುವುದಿದ್ದರೆ ಹಗಲು ಹೊತ್ತು, ಶಾಲೆಯಲ್ಲಿ, ಹೆಡ್ ಮೇಷ್ಟ್ರ ಮುಂದೆ ಅನ್ನಿ. ನಮ್ಮ ಮನೆಯ ಸಂಜೆ ಪ್ರಾರ್ಥನೆಯಲ್ಲಿ ನಿಮ್ಮನ್ನು, ಆ ಮಕ್ಕಳನ್ನು ದಿನಾ ನೆನೆಯುತ್ತೇವೆ.

ಸಿದ್ದಪ್ಪಾಜಿ ಒಕ್ಕಲು (ಮಳವಳ್ಳಿ ತಾಲ್ಲೂಕು):

ಮಗಳು ಎಲ್ಲರದ್ದೂ ಓದಿ ಹೇಳಿದಳು. ತಂಬೂರಿ ಮನೆ ಅಣ್ಣ ಬರೆದದ್ದನ್ನು ಎರಡು ಸಲ ಓದಿಸಿದೆ. ಸಿದ್ದಪ್ಪಾಜಿ ಗುರುವನ್ನು ಕೂಗಿದ ಜಾಗದಲ್ಲಿ ಚಿಕ್ಕಂದಿನಿಂದ ನಾನೂ ಅತ್ತಿದ್ದೇನೆ. ಅದು ನನಗೋಸ್ಕರವೂ ಇದೆ ಅಂತ ಈಗ ಅನಿಸಿತು.

ಕೆ.ಆರ್. ಪೇಟೆ ಅಣ್ಣನ ಮೇಲೆ ಬೇಜಾರಿಲ್ಲ. ಯಜಮಾನರೂ ಮೊದಲು ಅದನ್ನೇ ಹೇಳುತ್ತಿದ್ದರು. ನಿನ್ನೆ ರಾತ್ರಿ ಕೇಳಿದಾಗ, 'ಮದ್ದೂರು ಕಡೆ ಆಲೆಮನೆಯಲ್ಲಿ ಕೆಲಸ ಕೇಳಿ ನೋಡುತ್ತೇನೆ, ನೀನು ಬರೆದುಕೊಡಬೇಡ' ಅಂದರು. ನನಗೆ ಅದೇ ದೊಡ್ಡ ಬಲ.

ಹೆಡ್ ಮೇಷ್ಟ್ರ ಹತ್ತಿರ ಇವತ್ತು ಮಾತಾಡಿದೆ. ರುಚಿ ನೋಡಿದ್ದಕ್ಕೆ ದಿನಾ ಸಹಿ ಹಾಕುತ್ತೇನೆ ಅಂದರು, ಪುಸ್ತಕ ಅವರೇ ತಂದುಕೊಟ್ಟರು. ತೊಟ್ಟಿಗೆ ಮುಚ್ಚಳ ಇಲ್ಲ ಅಂತ ತೋರಿಸಿದೆ, ಪಂಚಾಯತಿಗೆ ಹೇಳುತ್ತಾರಂತೆ. ಅಲ್ಲಿಯವರೆಗೆ ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದೇನೆ. ಮಾತಿಗೆ ಕರೆಯೋಕೆ ಬಂದವರಿಗೆ, ಮೇರಿ ಅಕ್ಕ ಹೇಳಿದ ಹಾಗೆ, ಹಗಲು ಶಾಲೆಗೆ ಬನ್ನಿ ಅಂದೆ. ಬರುತ್ತೇವೆ ಅಂತಲೂ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಭಯ ಇನ್ನೂ ಇದೆ.

ಮೇಷ್ಟ್ರೇ, ಅರ್ಜಿ ಬರೆಯಬೇಕು ಅಂತ ಮಗಳು ಕೂತಿದ್ದಾಳೆ. ಯಾರಿಗೆ ಅಂತ ಬರೆಯಬೇಕು?

ಹಳೇ ಮೇಷ್ಟ್ರು, ಮೈಸೂರು:

ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅಂತ ಬರೆಯಿರಿ. ಒಂದು ಪ್ರತಿ ತಾಲ್ಲೂಕು ಪಂಚಾಯಿತಿಯಲ್ಲಿರುವ ಅಕ್ಷರ ದಾಸೋಹದ (ಬಿಸಿಯೂಟ ಯೋಜನೆಯ) ಸಹಾಯಕ ನಿರ್ದೇಶಕರಿಗೆ, ಇನ್ನೊಂದು ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಗೆ. ಸಭೆಯಲ್ಲಿ ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ, ಏನೂ ಸೇರಿಸಬೇಡಿ. ಮಕ್ಕಳ ಹೆಸರು ಹಾಕಬೇಡಿ. ಪೊಲೀಸ್ ದೂರು ಬೇರೆ, ಅದಕ್ಕೆ ಮೊದಲು 15100ಕ್ಕೆ ಫೋನ್ ಮಾಡಿ ವಕೀಲರ ಜೊತೆ ಮಾತಾಡಿ. ಕೊಟ್ಟ ಪ್ರತಿಯೊಂದು ಅರ್ಜಿಗೂ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು ಹಾಕಿಸಿಕೊಳ್ಳಿ. ಮಗಳು ಬರೆದದ್ದನ್ನು ಹೆಸರು ತೆಗೆದು ಇಲ್ಲಿ ಹಾಕಿದರೆ ಕಳಿಸುವ ಮೊದಲು ನೋಡಿಕೊಡುತ್ತೇನೆ. ರಾತ್ರಿ ಹತ್ತರವರೆಗೆ ಎದ್ದಿರುತ್ತೇನೆ.